ಬೀಗದ ದಿನ

ಹೋಟೆಲು ಮಾರಾಟದ ಪತ್ರಕ್ಕೆ ಸಹಿ ಬೀಳಲು ಎರಡೇ ದಿನ ಬಾಕಿ ಇರುವಾಗ ಕೌಂಟರಿನ ಹಿಂದಿನ ಬೀರುವಿನಿಂದ ಗೇಟಿನ ಪುಸ್ತಕ ಕಾಣೆಯಾಯಿತು. ಬೀರುವಿನ ಬೀಗ ಒಡೆದಿರಲಿಲ್ಲ. ಅದಕ್ಕಿದ್ದದ್ದು ಒಂದೇ ಕೀಲಿಕೈ, ಅದು ನೇತಾಡುತ್ತಿದ್ದದ್ದು ಕೌಂಟರ್ ಅಕ್ಕನ ಬೆನ್ನ ಹಿಂದಿನ ಹಲಗೆಯ ಮೇಲೆ. ಇಷ್ಟು ಸಾಕಾಯಿತು. ಕಳ್ಳಿ ಯಾರೆಂದು ಸಂಜೆಯೊಳಗೆ ಇಡೀ ಹೋಟೆಲಿಗೆ ಗೊತ್ತಾಗಿಹೋಯಿತು, ಕೌಂಟರ್ ಅಕ್ಕನೊಬ್ಬಳನ್ನು ಬಿಟ್ಟು.

ಹದಿನಾರು ವರ್ಷದಿಂದ ಆ ಕೌಂಟರಿನಲ್ಲಿದ್ದವಳು ಅವಳು. ಒಂದು ಚಮಚ ಕಳೆದರೂ ತನ್ನದೇ ಕಳೆದಂತೆ ಹುಡುಕುವ ಹೆಂಗಸು. ಹೋಟೆಲು ಮುಚ್ಚಿದ ಮೇಲೆ ಹೊಳೆಯಾಚೆಯ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಆದರೆ ಹಳೆಯ ಮಾಲೀಕರಿಂದ ನಡತೆಯ ಪತ್ರ ತರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಕಳ್ಳಿ ಎಂದು ಬರೆದುಕೊಟ್ಟ ಪತ್ರವನ್ನು ಯಾವ ಆಸ್ಪತ್ರೆ ತೆಗೆದುಕೊಳ್ಳುತ್ತದೆ?

ಗೇಟಿನ ಪುಸ್ತಕವೆಂದರೆ ಏನೆಂದು ಹೇಳಿಬಿಡಬೇಕು. ಹೋಟೆಲಿನ ಮುಂದಿನ ತೋಟ ನೂರು ವರ್ಷದಿಂದ ಊರಿಗೆಲ್ಲ ತೆರೆದದ್ದು. ಆನೆಯ ಆಕಾರಕ್ಕೆ, ನವಿಲಿನ ಆಕಾರಕ್ಕೆ ಕತ್ತರಿಸಿದ ಗಿಡಗಳು, ಬಣ್ಣಬಣ್ಣದ ಹೂಪಾತಿಗಳು, ನಡುವೆ ಒಂದು ತಾವರೆಕೊಳ, ಸುತ್ತ ಇಪ್ಪತ್ತೆರಡು ಕಬ್ಬಿಣದ ಬೆಂಚು. ಹೋಟೆಲು ಕಟ್ಟಿಸಿದ ಮುತ್ತಾತ ಉದಾರಿ, ಆದರೆ ಪೆದ್ದನಲ್ಲ. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ತೆರೆದಿದ್ದ ಜಾಗ ಊರಿನ ಸ್ವತ್ತಾಗಿಬಿಡುತ್ತದೆ ಎಂಬುದು ಅಲ್ಲಿಯ ಕಾನೂನು. ಅದಕ್ಕೇ ಅವನೊಂದು ಕಟ್ಟಳೆ ಮಾಡಿಟ್ಟಿದ್ದ. ಚಳಿ ಕಳೆದ ಮೊದಲ ಗುರುವಾರ ರಸ್ತೆ ಕಡೆಯ ಗೇಟಿಗೆ ಬೆಳಗಿನಿಂದ ಸಂಜೆಯವರೆಗೆ ಬೀಗ ಹಾಕಬೇಕು. ‘ಈ ದಿನ ಗೇಟು ಮುಚ್ಚಿತ್ತು’ ಎಂದು ಪುಸ್ತಕದಲ್ಲಿ ಬರೆದು ಮಾಲಿ ಮತ್ತು ಯಜಮಾನರು ಸಹಿ ಹಾಕಬೇಕು. ಅದನ್ನು ಎಲ್ಲರೂ ಬೀಗದ ದಿನವೆಂದೇ ಕರೆಯುತ್ತಿದ್ದರು. ತೋಟದಲ್ಲಿ ಜನ ಇರುವುದಿಲ್ಲವಲ್ಲ ಎಂದು ಬೆಂಚುಗಳಿಗೆ ಹಸಿರು ಬಣ್ಣ ಬಳಿಯುವುದೂ ಅದೇ ದಿನ. ಮುತ್ತಾತ ಯಾವ ದಿನವನ್ನೂ ದಂಡ ಮಾಡುವ ಆಸಾಮಿಯಲ್ಲ.

ಈಗಿನ ಯಜಮಾನಿ ದೊಡ್ಡಮ್ಮ. ಅರವತ್ತನಾಲ್ಕು ವರ್ಷ, ಗಂಡನಿಲ್ಲ, ಇದ್ದೊಬ್ಬ ಮಗಳು ಆರು ವರ್ಷದವಳಿದ್ದಾಗ ಇಪ್ಪತ್ತೊಂದು ವರ್ಷದ ಹಿಂದೆ ಆ ತಾವರೆಕೊಳದಲ್ಲೇ ಮುಳುಗಿ ಹೋದಳು. ಆ ಮಾತನ್ನು ಹೋಟೆಲಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಲವತ್ತು ಕೋಣೆಗಳಲ್ಲಿ ಈಗ ಒಂಬತ್ತರಲ್ಲಿ ಮಾತ್ರ ಜನ, ಮೂರನೇ ಮಹಡಿಯಲ್ಲಿ ಸೋರುವ ನೀರಿಗೆ ಬಕೆಟ್ಟುಗಳೇ ಅತಿಥಿಗಳು. ಮಾರದೆ ಗತಿಯಿರಲಿಲ್ಲ. ಮಾರಾಟದ ಓಡಾಟವೆಲ್ಲ ದೊಡ್ಡಮ್ಮನ ಮೈದುನನ ಮಗನದು. ಊಟ ಮಾಡುವಾಗಲೂ ಗಡಿಯಾರ ನೋಡುವ ಆ ಮನುಷ್ಯನಿಗೆ ಅಡುಗೆಮನೆಯವರು ‘ಅವಸರದಣ್ಣ’ ಎಂದು ಹೆಸರಿಟ್ಟಿದ್ದರು.

ಅವಸರದಣ್ಣ ಕೌಂಟರಿಗೆ ಬಂದವನೇ ಪೀಠಿಕೆಯಿಲ್ಲದೆ ಶುರು ಮಾಡಿದ.

"ನಾಳೆ ಹನ್ನೊಂದಕ್ಕೆ ವಕೀಲರು ಬರ್ತಾರೆ. ಅಷ್ಟರೊಳಗೆ ಪುಸ್ತಕ ಇದ್ದ ಜಾಗಕ್ಕೆ ಬಂದರೆ ನಾನೂ ಸುಮ್ಮನಿರ್ತೀನಿ. ಇಲ್ಲದಿದ್ರೆ ಪೊಲೀಸರನ್ನ ಕರೀತೀನಿ."

"ನಾನ್ಯಾಕೆ ತಗೊಳ್ಳಲಿ ಸಾರ್?"

"ನಿಮ್ಮ ಮಾವನ ತೋಟ ಉಳೀಲಿ ಅಂತ. ಕೊಳ್ಳೋರು ಬರ್ತಿರೋದು ತೋಟದಲ್ಲಿ ಮನೆಗಳನ್ನ ಕಟ್ಟೋಕೆ, ಈ ಸೋರೋ ಕಟ್ಟಡಕ್ಕಲ್ಲ. ಪುಸ್ತಕ ಇಲ್ಲ ಅಂದ್ರೆ ತೋಟ ನಮ್ಮದು ಅಂತ ತೋರಿಸೋದು ಹೇಗೆ? ದೊಡ್ಡಮ್ಮನಿಗೆ ಹುಷಾರಿಲ್ಲ, ಅವರ ಕಿವಿಗೆ ಇದು ಬೀಳಬಾರದು. ನೀವು ಮೇಲೆ ಹೋಗಬೇಡಿ."

ಮಾಲಿ ಅವಳ ಸೋದರಮಾವ ಎಂಬುದು ನಿಜ. ಅವಳನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ. ತೋಟ ಹೋಗುತ್ತದೆಂದು ಅವಳು ನಾಲ್ಕು ಜನರ ಮುಂದೆ ಅತ್ತದ್ದೂ ನಿಜ. ಅತ್ತವರೆಲ್ಲ ಕಳ್ಳರಾದರೆ ಲೋಕದಲ್ಲಿ ಜೈಲುಗಳು ಸಾಲುತ್ತಿರಲಿಲ್ಲ. ಆದರೆ ಅವಸರದಲ್ಲಿರುವವನಿಗೆ ಇದನ್ನು ಹೇಳುವುದು ಯಾರು? ಅವಳು ಕಣ್ಣೊರೆಸಿಕೊಂಡು ಹನ್ನೊಂದನೇ ನಂಬರಿನ ಬಾಗಿಲು ಬಡಿದಳು.

ಆ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಠಿಕಾಣಿ ಹೂಡಿದ್ದ ಮುದುಕರನ್ನು ಎಲ್ಲರೂ ‘ಹನ್ನೊಂದು’ ಎಂದೇ ಕರೆಯುತ್ತಿದ್ದರು. ವಿಮಾ ಕಂಪನಿಯ ಪರವಾಗಿ ಸುಟ್ಟ ಗೋದಾಮು, ಮುಳುಗಿದ ದೋಣಿ ನೋಡಿ, ಯಾರು ಸುಳ್ಳು ಹೇಳುತ್ತಿದ್ದಾರೆಂದು ಕಂಡುಹಿಡಿಯುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತರಾದ ಮೇಲೂ ಚಾಳಿ ಬಿಡಲಿಲ್ಲ. ಹೋಟೆಲಿನಲ್ಲಿ ಕಳೆದ ಉಂಗುರ, ಬದಲಾದ ಪೆಟ್ಟಿಗೆ, ಓಡಿಹೋದ ಅಳಿಯ, ಎಲ್ಲವನ್ನೂ ಪತ್ತೆ ಮಾಡಿದ್ದರು. ಅಂಥ ಪ್ರತಿ ಕೆಲಸದಲ್ಲೂ ಕೌಂಟರ್ ಅಕ್ಕ ಅವರ ಬಲಗೈ. ಅವರಿಗೆ ಮೆಟ್ಟಿಲು ಹತ್ತಲು ಆಗದು, ಅವಳಿಗೆ ಸುಮ್ಮನೆ ಕೂರಲು ಆಗದು, ಹಾಗಾಗಿ ಜೋಡಿ ಸರಿಹೋಗಿತ್ತು.

"ಅಳೋದು ಆಮೇಲೆ," ಎಂದರು ಹನ್ನೊಂದು. "ಪುಸ್ತಕ ಕೊನೇ ಸಲ ನೋಡಿದ್ದು ಯಾವಾಗ?"

"ಇವತ್ತು ಮಧ್ಯಾಹ್ನ ಊಟಕ್ಕೆ ಏಳೋ ಮುಂಚೆ. ವಕೀಲರಿಗೆ ತೋರಿಸಿ ಒಳಗಿಟ್ಟೆ. ನಾಳಿದ್ದು ಸಹಿ ಮಾಡೋ ಮುಂಚೆ ಮಾವ ಈ ಪುಸ್ತಕ ಮುಟ್ಟಿ, ಒಂದೊಂದು ವರ್ಷದ ಬರಹವೂ ನಿಜ ಅಂತ ಪ್ರಮಾಣ ಮಾಡಬೇಕಂತೆ. ವಕೀಲರು ಮೇಲೆ ಹೋಗಿ ಅದನ್ನ ದೊಡ್ಡಮ್ಮನಿಗೂ ಹೇಳಿ ಬಂದರು. ಮೂರು ಗಂಟೆಗೆ ಅವಸರದಣ್ಣ ಪುಸ್ತಕ ಕೇಳ್ದ. ಬೀರು ತೆಗೆದ್ರೆ ಇಲ್ಲ."

"ನೀನು ಊಟಕ್ಕೆ ಹೋದಾಗ ಯಾರ್ಯಾರು ಎಲ್ಲೆಲ್ಲಿದ್ದರು?"

"ಕೆಲಸದವರು ಎಲ್ಲರೂ ಅಡುಗೆಮನೆಯಲ್ಲಿ, ಒಟ್ಟಿಗೆ. ಮಾವ ನನ್ನ ಪಕ್ಕದಲ್ಲೇ ಕೂತಿದ್ದ. ಅವಸರದಣ್ಣ ವಕೀಲರನ್ನ ಕರ್ಕೊಂಡು ಹೊರಗೆ ಹೋಗಿದ್ದ. ಅತಿಥಿಗಳು ಊಟದ ಹಾಲ್‌ನಲ್ಲಿ. ನೀವು?"

"ನಾನು ನಿದ್ದೆಯಲ್ಲಿ. ಬೇಕಾದ್ರೆ ನನ್ನ ಗೊರಕೆಯನ್ನ ಸಾಕ್ಷಿ ಹೇಳೋಕೆ ಕರಿ. ಸರಿ, ಊಟ ಮುಗಿಸಿ ಬಂದಾಗ ಕೌಂಟರಿನಲ್ಲಿ ಏನಾದ್ರೂ ಬದಲಾಗಿತ್ತಾ?"

"ಏನೂ ಇಲ್ಲ."

"ಯೋಚನೆ ಮಾಡಿ ಹೇಳು. ನಿನ್ನ ತಲೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿರತ್ತೆ."

ಅವಳು ಕೈಯನ್ನೇ ನೋಡಿಕೊಂಡಳು. ಊಟದಿಂದ ಬಂದು ಕೂರುವ ಮುಂಚೆ ಆ ಕೈ ಒಂದು ಸಣ್ಣ ಕೆಲಸ ಮಾಡಿತ್ತು. ಬೀರುವಿನ ಕೀಲಿಕೈಯ ಹಿತ್ತಾಳೆ ಬಿಲ್ಲೆ ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು. ಅದನ್ನು ತಿರುಗಿಸಿ ನಂಬರು ಕಾಣುವ ಹಾಗೆ ಇಟ್ಟಿದ್ದಳು.

"ನಾನು ಯಾವತ್ತೂ ನಂಬರು ಹೊರಗೆ ಕಾಣೋ ಹಾಗೇ ಹಾಕೋದು. ನಾನು ಬರೋ ಮುಂಚೆ ಎಲ್ಲಾ ಬಿಲ್ಲೆನೂ ಗೋಡೆ ಕಡೆ ಮುಖ ಮಾಡಿರ್ತಿತ್ತು. ಯಾವ ಕೋಣೆ ಖಾಲಿ ಅಂತ ಬಂದ ಹೋದೋರಿಗೆ ತಿಳೀಬಾರದು ಅಂತ ಮುತ್ತಾತನ ಕಾಲದ ನಿಯಮ. ನನಗೆ ಕೀಲಿಕೈ ಹುಡುಕಿ ಹುಡುಕಿ ಸಾಕಾಗಿ ಬದಲಾಯಿಸಿದೆ."

ಹನ್ನೊಂದು ಎದ್ದು ಕೋಲು ತೆಗೆದುಕೊಂಡರು. ಅವಳ ಜೊತೆ ಕೌಂಟರಿಗೆ ಬಂದು, ಹಲಗೆ ನೋಡಿ, ಬೀರು ನೋಡಿ, ಕೊನೆಗೆ ಬಗ್ಗಿ ಕೌಂಟರಿನ ಕೆಳಗೂ ಕಣ್ಣು ಹಾಯಿಸಿದರು. ಹಳೆಯ ಛತ್ರಿಗಳ ಪಕ್ಕದಲ್ಲಿ ಒಂದು ಬಾಟಲಿ ಇತ್ತು.

"ಇದೇನು?"

"ಸೀಮೆಎಣ್ಣೆ. ಬಟ್ಟೆಗೆ ಬೆಂಚಿನ ಬಣ್ಣ ಹತ್ತಿಸಿಕೊಂಡು ಬರ್ತಾರಲ್ಲ ಊರಿನೋರು, ಒರೆಸಿಕೊಳ್ಳೋಕೆ ಕೊಡ್ತೀನಿ. ಪ್ರತಿ ವರ್ಷವೂ ನಾಲ್ಕೈದು ಜನ ತಪ್ಪೋದಿಲ್ಲ. ‘ಒದ್ದೆ ಬಣ್ಣ’ ಅಂತ ಮಾವ ಹಲಗೆ ನೇತು ಹಾಕಿರ್ತಾನೆ, ನೋಡದೆ ಕೂತ್ಕೋತಾರೆ."

ಹನ್ನೊಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವಳನ್ನು ಬಟ್ಟೆ ಒಗೆಯುವ ಕೋಣೆಗೆ ಕಳಿಸಿ, ಇತ್ತೀಚೆಗೆ ಹಸಿರು ಬಣ್ಣ ಹತ್ತಿದ ಬಟ್ಟೆ ಏನಾದರೂ ಬಂದಿತ್ತೇ ಎಂದು ಕೇಳಿಸಿದರು. ಅಲ್ಲಿಯ ಹೆಂಗಸು ದೊಡ್ಡಮ್ಮನ ಬೂದು ಶಾಲನ್ನು ಕೈಗಿತ್ತಳು. ಬೆನ್ನಿನ ಭಾಗದಲ್ಲಿ ಮೂರು ಹಸಿರು ಗೆರೆ. ಬೀಗದ ದಿನ ಸಂಜೆ ಬಂದದ್ದು, ಹತ್ತೊಂಬತ್ತು ದಿನದಿಂದ ಉಜ್ಜುತ್ತಿದ್ದೇನೆ, ಜಪ್ಪಯ್ಯ ಅಂದರೂ ಹೋಗುತ್ತಿಲ್ಲ ಎಂದು ಗೊಣಗಿದಳು.

ಶಾಲು ನೋಡಿದ ಮೇಲೆ ಹನ್ನೊಂದರ ಮುಖ ಇಳಿದುಹೋಯಿತು. ಸುಳ್ಳು ಸಿಕ್ಕಿದಾಗ ಅವರ ಕಣ್ಣು ಮಿನುಗುವುದನ್ನು ಅಕ್ಕ ಎಷ್ಟೋ ಸಲ ನೋಡಿದ್ದಳು. ಈ ಸಲ ಅವರು ಕನ್ನಡಕ ತೆಗೆದು ಶಾಲನ್ನು ಮಡಿಸಿಟ್ಟರು.

"ಯಾರು ತಗೊಂಡ್ರು ಅಂತ ಗೊತ್ತಾಯ್ತು," ಎಂದರು. "ನಿನ್ನ ಹೆಸರು ಉಳಿಸಬಹುದು. ಆದರೆ ಅದಕ್ಕೆ ಇನ್ನೊಬ್ಬರ ಹಳೇ ಗಾಯ ಕೆರೆಯಬೇಕು. ಕೆರೀಲಾ? ನೀನು ಬೇಡ ಅಂದ್ರೆ ಬಿಡ್ತೀನಿ."

"ಯಾರದ್ದು?"

"ಅದನ್ನ ಹೇಳಿದ್ರೆ ನೀನು ಬೇಡ ಅಂತೀಯ."

ಅವಳು ಯೋಚಿಸಿದಳು. ಅವಳಿಗಿದ್ದದ್ದು ಒಂದು ಬಾಡಿಗೆ ಮನೆ, ಒಬ್ಬ ವಯಸ್ಸಾದ ಮಾವ ಮತ್ತು ಹದಿನಾರು ವರ್ಷದಲ್ಲಿ ಯಾರೂ ಬೆರಳು ತೋರಿಸದ ಹೆಸರು. ಆ ಹೆಸರು ಹೋದರೆ ಉಳಿದದ್ದನ್ನು ಇಟ್ಟುಕೊಂಡು ಬದುಕುವುದು ಹೇಗೆಂದು ಅವಳಿಗೆ ತೋಚಲಿಲ್ಲ.

"ಕೆರೀರಿ," ಎಂದಳು. ಹಾಗೆಂದದ್ದಕ್ಕೆ ಮುಂದೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು.

ಮರುದಿನ ಹನ್ನೊಂದು ಗಂಟೆಗೆ ಎಲ್ಲರೂ ಸೇರಿದ್ದು ದೊಡ್ಡಮ್ಮನ ಕೋಣೆಯಲ್ಲಿ. ಅಲ್ಲಿ ಬೇಡ ಎಂದು ಅವಸರದಣ್ಣ ಎಷ್ಟು ಹೇಳಿದರೂ ಮುದುಕರು ಕೇಳಲಿಲ್ಲ. ತಮಗೆ ಆಗದ ಮೆಟ್ಟಿಲನ್ನು ಒಂದೊಂದೇ ಹತ್ತಿ, ಏದುಸಿರು ಬಿಡುತ್ತಾ ಬಂದು ಕುಳಿತರು. ದೊಡ್ಡಮ್ಮ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದರು. ವಕೀಲರು ಕಿಟಕಿಯ ಹತ್ತಿರ. ಮಾವ ಎಂದಿನಂತೆ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ನಲವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕುಳಿತವನಲ್ಲ.

"ಬೇಗ ಹೇಳಿ ಮುಗಿಸಿ," ಎಂದ ಅವಸರದಣ್ಣ. "ಈ ಹೆಂಗಸು ಒಪ್ಪಿಕೊಂಡಳಾ?"

"ಯಾವ ಹೆಂಗಸು? ಏನು ಒಪ್ಪಿಕೊಳ್ಳೋದು?" ದೊಡ್ಡಮ್ಮ ಕೇಳಿದರು.

"ಗೇಟಿನ ಪುಸ್ತಕ ಕದ್ದದ್ದು ಕೌಂಟರ್ ಅಕ್ಕ ಅಂತ ಇವರು ನಿನ್ನೆಯಿಂದ ಹೇಳ್ತಿದ್ದಾರೆ," ಎಂದರು ಹನ್ನೊಂದು. "ಪೊಲೀಸರಿಗೂ ಹೇಳೋರಿದ್ದಾರೆ. ನಿಮ್ಮ ಕಿವಿಗೆ ಬೀಳಿಸಿರಲಿಲ್ಲ, ಅಷ್ಟೆ."

ದೊಡ್ಡಮ್ಮ ಅಕ್ಕನ ಕಡೆ ನೋಡಿದರು. ಅವರ ಕೈ ದಿಂಬಿನ ಕಡೆಗೆ ಸರಿಯಿತು. ಹನ್ನೊಂದು ಮುಂದುವರಿಸಿದರು.

"ಕೀಲಿಕೈಯಿಂದ ಶುರು ಮಾಡೋಣ. ತಗೊಂಡವರು ಅದನ್ನ ವಾಪಸ್ಸು ಹಾಕುವಾಗ ಬಿಲ್ಲೆಯ ಮುಖ ಗೋಡೆ ಕಡೆಗೆ ಮಾಡಿದ್ದರು. ಹೊರಗಿನವರಾಗಿದ್ದರೆ ಉಳಿದ ಬಿಲ್ಲೆಗಳನ್ನ ನೋಡಿ ಹಾಗೇ ಹಾಕ್ತಿದ್ದರು. ಅಕ್ಕನಾಗಿದ್ದರೆ ನಂಬರು ಹೊರಗಿರ್ತಿತ್ತು. ನೋಡದೆ, ಯೋಚಿಸದೆ, ಕೈ ರೂಢಿಯಿಂದ ಗೋಡೆ ಕಡೆ ತಿರುಗಿಸಿ ಹಾಕೋರು ಅಂದ್ರೆ ಹದಿನಾರು ವರ್ಷಕ್ಕಿಂತ ಹಿಂದೆ ಆ ಕೌಂಟರಿನಲ್ಲಿ ಕೂತೋರು. ಅಂಥವರು ಇಬ್ಬರೇ. ಒಬ್ಬರು ಹಳೇ ಗುಮಾಸ್ತರು. ಅವರು ತೀರಿಕೊಂಡು ಹದಿನೈದು ವರ್ಷ ಆಯ್ತು."

"ಇನ್ನೊಬ್ಬರು?" ವಕೀಲರು ಕೇಳಿದರು.

"ಸ್ವಲ್ಪ ತಾಳಿ. ಕದ್ದದ್ದು ಯಾಕೆ ಅಂತ ತಿಳಿಯದೆ ಯಾರು ಅಂತ ತಿಳಿದು ಏನು ಫಲ? ಬೀಗದ ದಿನ ಬೆಂಚಿಗೆ ಬಣ್ಣ ಬಳೀತಾರೆ. ವಿಮಾ ಕೆಲಸದಲ್ಲಿ ಎರಡು ಬಣ್ಣದ ಕಾರ್ಖಾನೆ ನೋಡಿದೀನಿ, ಆ ಬಣ್ಣ ಸಂಜೆಯೊಳಗೆ ಒಣಗತ್ತೆ, ಮರುದಿನ ಕೂತರೆ ಹತ್ತೋದಿಲ್ಲ. ಹಾಗಿದ್ದೂ ಹದಿನಾರು ವರ್ಷದಿಂದ ಊರಿನೋರು ಬಣ್ಣ ಹತ್ತಿಸಿಕೊಂಡು ಕೌಂಟರಿಗೆ ಬರ್ತಾರೆ, ಅಕ್ಕ ಸೀಮೆಎಣ್ಣೆ ಕೊಡ್ತಾಳೆ. ಗೇಟಿಗೆ ಬೀಗ ಹಾಕಿದ್ರೆ ಹಸಿ ಬೆಂಚಿನ ಮೇಲೆ ಕೂತೋರು ಯಾರು?"

ಹದಿನಾರು ವರ್ಷ ಅಕ್ಕನೇ ಕೈಯಾರೆ ಬಾಟಲಿ ಎತ್ತಿಕೊಟ್ಟಿದ್ದಳು. ಬಟ್ಟೆ ಕೆಟ್ಟಿತಲ್ಲ ಎಂದು ಮರುಗಿದ್ದಳೇ ಹೊರತು, ಇವರು ಒಳಗೆ ಬಂದದ್ದು ಹೇಗೆಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು. ಮಾವ ನೆಲ ನೋಡುತ್ತಿದ್ದ.

"ಅಂದ್ರೆ ಪುಸ್ತಕದಲ್ಲಿ ಬರೆದದ್ದೆಲ್ಲ ಸುಳ್ಳಾ?" ಅವಸರದಣ್ಣನ ದನಿ ಮೊದಲ ಸಲ ನಿಧಾನವಾಯಿತು.

"ಸುಳ್ಳು. ಅದನ್ನ ಈ ವರ್ಷ ಇನ್ನೊಬ್ಬರು ಕಂಡುಹಿಡಿದರು. ಪ್ರತಿ ಬೀಗದ ದಿನ ಪರದೆ ಎಳ್ಕೊಂಡು ಕೋಣೆಯೊಳಗೇ ಇರೋರು, ನೋಡದೇ ಸಹಿ ಹಾಕೋರು, ಇದು ಕಡೇ ಸಲ ಅಂತ ಈ ವರ್ಷ ತೋಟಕ್ಕೆ ಇಳಿದರು. ಗೇಟು ತೆರೆದಿತ್ತು. ಹಸಿ ಬೆಂಚಿನ ಮೇಲೆ ಕೂತರು. ಅವರ ಬೂದು ಶಾಲಿಗೆ ಮೂರು ಗೆರೆ ಬಣ್ಣ ಹತ್ತಿತು." ಹನ್ನೊಂದು ದೊಡ್ಡಮ್ಮನ ಕಡೆ ತಿರುಗಿದರು. ಅವರ ದನಿ ತಗ್ಗಿತು. "ನಿನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹಿಂದಿನ ಮೆಟ್ಟಿಲಿಂದ ಕೌಂಟರಿಗೆ ಬರಬಹುದಾಗಿದ್ದೋರು ನೀವೊಬ್ಬರೇ ತಾಯಿ. ಹಿಂದೆ ಆ ಕೌಂಟರಿನಲ್ಲಿ ಕೂತ ಇನ್ನೊಬ್ಬರೂ ನೀವೇ. ನನ್ನನ್ನ ಕ್ಷಮಿಸಿ."

ದೊಡ್ಡಮ್ಮ ವಾದ ಮಾಡಲಿಲ್ಲ. ದಿಂಬಿನ ಕೆಳಗಿಂದ ಪುಸ್ತಕ ತೆಗೆದು ಹಾಸಿಗೆಯ ಮೇಲಿಟ್ಟರು.

"ಅಕ್ಕ, ಇಲ್ಲಿ ಬಾ. ನಿನ್ನ ಮೇಲೆ ಬರತ್ತೆ ಅಂತ ನನಗೆ ಹೊಳೀಲಿಲ್ಲ. ನನ್ನದನ್ನ ನಾನು ತಗೊಂಡ್ರೆ ಕಳ್ಳತನ ಹೇಗಾಗತ್ತೆ ಅಂದ್ಕೊಂಡೆ. ತಪ್ಪಾಯ್ತು. ಆಸ್ಪತ್ರೆಗೆ ಪತ್ರ ನಾನೇ ಕೈಯಾರೆ ಬರೀತೀನಿ."

ಅಕ್ಕ ತಲೆಯಾಡಿಸಿದಳು. ಹೆಸರು ಉಳಿದಿತ್ತು. ಅದಕ್ಕಾಗಿ ರಾತ್ರಿಯೆಲ್ಲ ಹಂಬಲಿಸಿದ್ದವಳಿಗೆ ಈಗ ಒಂದು ಚೂರೂ ಸಂತೋಷವಾಗಲಿಲ್ಲ.

"ಆದರೆ ಯಾಕೆ?" ಎಂದರು ವಕೀಲರು. "ಪುಸ್ತಕ ಇಲ್ಲದಿದ್ರೆ ನಷ್ಟ ಆಗೋದು ನಿಮಗೇ ಅಲ್ವಾ?"

"ನಾಳೆ ಇವನು ನಿಮ್ಮ ಮುಂದೆ ಪ್ರಮಾಣ ಮಾಡಬೇಕಿತ್ತಲ್ಲ," ದೊಡ್ಡಮ್ಮ ಮಾವನ ಕಡೆ ಕೈ ತೋರಿಸಿದರು. "ಒಂದೊಂದು ವರ್ಷದ್ದೂ. ಸುಳ್ಳು ಪ್ರಮಾಣ ಮಾಡಬೇಕು, ಇಲ್ಲಾ ಬೀಗ ಯಾಕೆ ಹಾಕಲಿಲ್ಲ ಅಂತ ಹೇಳಬೇಕು. ಎರಡೂ ಇವನ ಕೈಲಿ ಆಗೋದಲ್ಲ. ಪುಸ್ತಕವೇ ಇಲ್ಲ ಅಂದ್ರೆ ಪ್ರಮಾಣವೂ ಇಲ್ಲ ಅಂದ್ಕೊಂಡೆ."

ಆಗ ಮಾವ ಬಾಯಿ ಬಿಟ್ಟ. ನೆಲ ನೋಡುತ್ತಲೇ ಹೇಳಿದ.

"ಪುಟ್ಟಿ ಹೋದ ದಿನ ಗೇಟಿಗೆ ಬೀಗ ಹಾಕಿ, ಬಣ್ಣ ಸಾಲಲಿಲ್ಲ ಅಂತ ಹಿತ್ತಲ ಕಡೆಯಿಂದ ಅಂಗಡಿಗೆ ಹೋಗಿದ್ದೆ ಅಮ್ಮ. ಕೀಲಿಕೈ ನನ್ನ ಜೇಬಲ್ಲಿ. ಪುಟ್ಟಿ ವರಾಂಡದಿಂದ ಇಳಿದು ಕೊಳದ ಹತ್ತಿರ ಬಂದಿದ್ಲು. ರಸ್ತೆಯಲ್ಲಿ ಹೋಗ್ತಿದ್ದ ಪೋಸ್ಟ್‌ಮ್ಯಾನ್ ಕಂಬಿಯ ಸಂದಿಯಿಂದ ನೋಡಿದ. ಗೇಟು ಅಲ್ಲಾಡಿಸಿದ, ಕೂಗಿದ, ಹತ್ತೋಕೆ ನೋಡಿ ಕೈ ಹರ್ಕೊಂಡ. ನಾನು ಬರೋ ಹೊತ್ತಿಗೆ ಹತ್ತು ನಿಮಿಷ ಆಗಿತ್ತು. ಅದನ್ನ ನಿಮಗೆ ಹೇಳಲಿಲ್ಲ. ಬಿದ್ದ ತಕ್ಷಣ ಹೋಯ್ತು ಮಗು ಅಂತ ಎಲ್ಲರೂ ಹೇಳಿದ್ರು, ನಾನೂ ತಲೆ ಆಡಿಸಿದೆ. ಮುಂದಿನ ವರ್ಷ ಬೀಗ ತಗೊಂಡು ಗೇಟಿನ ತನಕ ಹೋದೆ. ಕೈ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಬರೆಯದೆ ಬಿಟ್ರೆ ಯಾಕೆ ಅಂತ ನೀವು ಕೇಳ್ತೀರಿ ಅಂತ ಮುಚ್ಚಿತ್ತು ಅಂತ ಬರೆದೆ."

"ಪೋಸ್ಟ್‌ಮ್ಯಾನ್ ನನಗೆ ಆ ವಾರವೇ ಹೇಳಿದ್ದ," ಎಂದರು ದೊಡ್ಡಮ್ಮ.

ಮಾವ ಮುಖವೆತ್ತಿದ.

"ಆವತ್ತು ಬೆಳಿಗ್ಗೆ ನೀನು ಬಂದು, ಬಣ್ಣ ಕಮ್ಮಿ ಇದೆ, ಬೀಗದ ದಿನ ಮುಂದಿನ ವಾರಕ್ಕಿಟ್ಟುಕೊಳ್ಳೋಣ ಅಂದೆ. ನೆನಪಿದೆಯಾ? ಕಟ್ಟಳೆ ಅಂದ್ರೆ ಕಟ್ಟಳೆ, ಇವತ್ತೇ ಹಾಕು ಅಂದೋಳು ನಾನು. ನೀನು ಎಲ್ಲಿ ಅದನ್ನ ಬಾಯಿಬಿಟ್ಟು ಹೇಳ್ತೀಯೋ ಅಂತ ಇಪ್ಪತ್ತೊಂದು ವರ್ಷ ನಿನ್ನ ಮುಖ ಸರಿಯಾಗಿ ನೋಡಲಿಲ್ಲ. ನೀನು ಹೇಳಲೇ ಇಲ್ಲ."

"ಅದನ್ನ ಹೇಗೆ ಹೇಳೋದು ಅಮ್ಮ."

ಒಂದೇ ಮನೆಯ ಮೇಲೂ ಕೆಳಗೂ ಇದ್ದು, ಒಬ್ಬರಿಗೊಬ್ಬರು ಹೆದರಿಕೊಂಡು, ಇಬ್ಬರೂ ಮುದುಕರಾಗಿಬಿಟ್ಟಿದ್ದರು. ಅಕ್ಕನಿಗೆ ಅಳು ತಡೆಯಲಾಗಲಿಲ್ಲ, ತಡೆಯಲು ನೋಡಲೂ ಇಲ್ಲ.

ವಕೀಲರು ಹೇಳಬೇಕಾದದ್ದನ್ನು ಹೇಳಿದರು. ಇಪ್ಪತ್ತು ವರ್ಷ ತುಂಬಿ ಮೇಲೊಂದು ವರ್ಷವಾಗಿದೆ, ನಿಜ ಬರೆದುಕೊಟ್ಟರೆ ತೋಟ ಊರಿನದು, ಈ ಕೊಳ್ಳುವವರು ಬರುವುದಿಲ್ಲ, ಕಟ್ಟಡವನ್ನಷ್ಟೇ ಯಾರಾದರೂ ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ. ಹೋಟೆಲಂತೂ ಉಳಿಯುವುದಿಲ್ಲ.

"ನಿಜವನ್ನೇ ಬರೀರಿ," ಎಂದರು ದೊಡ್ಡಮ್ಮ.

ಅವಸರದಣ್ಣ ದೊಡ್ಡಮ್ಮನ ಮುಖವನ್ನೊಮ್ಮೆ ನೋಡಿದ. ಅಕ್ಕನ ಮುಂದೆ ಬಂದು, "ನಾನು ಅವಸರ ಪಟ್ಟೆ," ಎಂದು ಹೇಳಿ ವಕೀಲರ ಜೊತೆ ಕೆಳಗಿಳಿದ. ಹನ್ನೊಂದು ಕೋಲು ಊರಿ ಎದ್ದರು. ಗೆದ್ದವರ ಹಾಗೆ ಕಾಣುತ್ತಿರಲಿಲ್ಲ. ಅಕ್ಕ ಅವರ ತೋಳು ಹಿಡಿದು ಬಾಗಿಲವರೆಗೆ ಕರೆತಂದಳು. ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿ ಇಬ್ಬರೂ ನಿಂತರು.

"ದಿನಾ ಬೆಳಿಗ್ಗೆ ನಿನ್ನ ಹಿಂದೆ ಹಿಂದೇನೇ ಸುತ್ತುತ್ತಿದ್ಲಲ್ಲ ಪುಟ್ಟಿ. ಅಷ್ಟೊಂದು ಏನು ಮಾತಾಡ್ತಿದ್ಲು? ನಾನು ಕೌಂಟರಿನಿಂದ ನೋಡ್ತಿದ್ದೆ. ಕೇಳಿಸ್ತಿರಲಿಲ್ಲ."

"ಎಲ್ಲಾ ನೆನಪಿದೆ ಅಮ್ಮ. ಇಷ್ಟು ದಿನ ಯಾರೂ ಕೇಳಲಿಲ್ಲ."

"ಹಾಗಾದ್ರೆ ಕೂತ್ಕೊಂಡು ಹೇಳು."

ಮಾವ ಹಿಂದೆ ಮುಂದೆ ನೋಡಿದ. ಆಮೇಲೆ ವಕೀಲರು ಬಿಟ್ಟುಹೋದ ಕುರ್ಚಿಯನ್ನು ಎಳೆದುಕೊಂಡು ಅದರ ತುದಿಯಲ್ಲಿ ಕುಳಿತ.

"ಮಣ್ಣು ಅಗೆಯುವಾಗ ಎರೆಹುಳ ಬಂದ್ರೆ ಕೈಲಿ ಎತ್ತಿಕೊಳ್ತಿದ್ಲು. ಇದಕ್ಕೂ ಅಮ್ಮ ಇರ್ತಾಳಾ ಅಂತ ಒಂದು ದಿನ ಕೇಳಿದ್ಲು."

"ನೀನೇನಂದೆ?"

"ಇರ್ತಾಳೆ, ಕೆಲಸದಲ್ಲಿರ್ತಾಳೆ, ಸಂಜೆಗೆ ಬರ್ತಾಳೆ ಅಂದೆ. ಹಾಗಾದ್ರೆ ನನ್ನಮ್ಮನ ತರಾನೇ ಅಂದ್ಲು."

ದೊಡ್ಡಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮಾವ ಗಾಬರಿಯಾಗಿ ಮಾತು ನಿಲ್ಲಿಸಿದ. ಅವರು ಮುಖದಿಂದ ಕೈ ತೆಗೆಯದೆಯೇ, ಮುಂದೆ ಹೇಳು ಎಂದರು. ಅವನು ಹೇಳತೊಡಗಿದ. ಅಕ್ಕ ಮೆಲ್ಲಗೆ ಬಾಗಿಲು ಮುಂದೆ ಮಾಡಿ, ಹನ್ನೊಂದರ ಕೈ ಹಿಡಿದು ಮೆಟ್ಟಿಲಿಳಿಸಿದಳು.